ಪಾಸ್‌ವರ್ಡ್ ಕೊಡದ ಅರುಂಧತಿ

ಮಳವಳ್ಳಿಯ ಬಸ್‌ಸ್ಟ್ಯಾಂಡಿಗೆ ಹತ್ತಿರದ ಆ ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರುಗಳ ಜವಾಬ್ದಾರಿಯೆಲ್ಲ ಅರುಂಧತಿಯದು. ಡಿಪ್ಲೊಮಾ ಓದಿದವಳು, ಕೆಲಸ ಬಲ್ಲವಳು. ಮಾತು ಮಾತ್ರ ಒರಟು. “ನಿನ್ ಬಾಯೊಂದು ಸುಮ್ಕಿದ್ದಿದ್ರೆ” ಎಂದು ಅವ್ವ ಬೈದರೆ ಅದನ್ನೂ ಹೊಗಳಿಕೆಯೆಂದೇ ತಿಳಿಯುತ್ತಿದ್ದಳು.

ಈ ಬೇಸಿಗೆಯಲ್ಲಿ ಪಕ್ಕದಲ್ಲೇ ಹೊಸ ಕಟ್ಟಡ ಎದ್ದಿತು. ವಾರ್ಡುಗಳು ಅಲ್ಲಿಗೆ ಹೋದವು, ಎಕ್ಸ್‌ರೇ ಹಳೆಯದರಲ್ಲೇ ಉಳಿಯಿತು. ಎರಡು ಕಟ್ಟಡಕ್ಕೂ ಬೇರೆ ಬೇರೆ ನೆಟ್‌ವರ್ಕು. ಎಕ್ಸ್‌ರೇ ಚಿತ್ರಗಳಿರುವ ಸರ್ವರಿಗೆ ಎರಡು ಕಡೆಯಿಂದಲೂ ಕೇಬಲ್ ಎಳೆದಿದ್ದರು. ಆದರೂ ಹೊಸ ವಾರ್ಡಿನಿಂದ ಆ ಚಿತ್ರಗಳ ಫೋಲ್ಡರ್ ತೆರೆಯುತ್ತಲೇ ಇರಲಿಲ್ಲ.

“ಪೆನ್‌ಡ್ರೈವ್ ಇಡ್ಕಂಡು ಓಡಾಡಿ ಓಡಾಡಿ ಕಾಲು ಬಿದ್ದೋದೊ ಕಣಕ್ಕಾ” ಎಂದಳು ನರ್ಸ್ ಕವಿತ.

ಅರುಂಧತಿ ಕೇಬಲ್ ಬದಲಾಯಿಸಿದಳು, ಸ್ವಿಚ್ ಬದಲಾಯಿಸಿದಳು. ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಶಶಿಧರ್ ಯಾರೋ ಗುತ್ತಿಗೆದಾರನ ಸಲಹೆ ಹೊತ್ತು ತಂದರು: ಇರುವ ನೆಟ್‌ವರ್ಕುಗಳನ್ನೆಲ್ಲ ಒಂದು ಮಾಡಿ, ಫೋಲ್ಡರಿನ ಪಾಸ್‌ವರ್ಡ್ ತೆಗೆದುಹಾಕುವುದು.

“ಕೆಳಗೆ ಕಾಯೋರ್ಗೆ ಕೊಟ್ಟಿರೋ ವೈಫೈನೂವಾ ಸಾರ್?”

“ಅದೂ ಸೇರ್ಲಿ ಬುಡು. ಮೂಳೆ ಚಿತ್ರ ಯಾರ್ ನೋಡ್ತಾರೆ?”

“ಚಿತ್ರದ ಜೊತೆ ಎಸ್ರು, ಊರು, ರಿಪೋರ್ಟು ಎಲ್ಲಾ ಅದೆ.”

ಅವಳ ಸೋದರತ್ತೆ ಮಂಚಮ್ಮನಿಗೆ ಕ್ಷಯವೆಂದು ಎಲ್ಲೋ ಒಂದು ಲ್ಯಾಬಿನಲ್ಲಿ ತಿಳಿದ ದಿನ, ಅತ್ತೆ ಬಸ್ಸಿಳಿಯುವ ಮೊದಲೇ ಸುದ್ದಿ ಊರು ಸೇರಿತ್ತು. ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾದರೂ ಕೂಲಿಗೆ ಹೋದ ಕಡೆ ಅವಳಿಗೆ ಲೋಟ ಬೇರೆ.

“ನಾ ಮಾಡಕಿಲ್ಲ ಸಾರ್.”

“ನೀನಲ್ದಿದ್ರೆ ಇನ್ನೊಬ್ರು ಮಾಡ್ತಾರೆ ಕಣಮ್ಮ. ಸರ್ವರಿನ ಪಾಸ್‌ವರ್ಡ್ ಕೊಡು.”

“ಕೊಡಕಿಲ್ಲ. ಕೆಲ್ಸದಿಂದ ತಗೀತೀರಾ, ತಗೀರಿ. ಯಾಕೆ ಅಂತ ಡಾಕ್ಟ್ರು ಮುಂದೇನೇ ಯೋಳ್ತೀನಿ.”

ಹೇಳಿಯೂ ಬಂದಳು. ನರ್ಸಿಂಗ್ ಹೋಮಿನ ಒಡೆಯರಾದ ಡಾಕ್ಟರು ಯಾರ ಪರವೂ ನಿಲ್ಲಲಿಲ್ಲ. “ಸಂಜೆಯೊಳಗೆ ಸರಿ ಮಾಡು. ಆಗದಿದ್ದರೆ ಶಶಿಧರ್ ಹೇಳಿದ ಹಾಗೆ” ಎಂದರು.

ಅರುಂಧತಿ ಸಿಟ್ಟಿನಲ್ಲೇ ಹೊಸ ವಾರ್ಡಿನ ಕಂಪ್ಯೂಟರಿನ ಮುಂದೆ ಕುಳಿತಳು. ಸರ್ವರಿನ ಹೆಸರು ಹಾಕಿದಳು, ಸಿಗಲಿಲ್ಲ. ಹೆಸರು ಬಿಟ್ಟು, ಹೊಸ ಕಟ್ಟಡದ ಕಡೆ ಸರ್ವರಿಗಿದ್ದ ಅಂಕಿಯ ವಿಳಾಸವನ್ನೇ ಹಾಕಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟ ಕೂಡಲೇ ಫೋಲ್ಡರ್ ತೆರೆಯಿತು! ಅಂದರೆ ದಾರಿ ಸರಿಯಾಗಿಯೇ ಇತ್ತು. ಹೆಸರು ಹಿಡಿದು ಹುಡುಕಿದರೆ ಮಾತ್ರ ಸರ್ವರಿನ ಹಳೆಯ ಕಟ್ಟಡದ ಕಡೆಯ ವಿಳಾಸ ಬರುತ್ತಿತ್ತು. ಆ ವಿಳಾಸಕ್ಕೆ ಈ ಕಡೆಯಿಂದ ದಾರಿಯಿರಲಿಲ್ಲ. ಹೊಸ ನೆಟ್‌ವರ್ಕಿನಲ್ಲಿ ಆ ಹೆಸರಿಗೆ ಈ ಕಡೆಯ ವಿಳಾಸವನ್ನೇ ಕೊಟ್ಟು, ಕಂಪ್ಯೂಟರುಗಳನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು.

ಬಂಡೂರಿನಿಂದ ಬಂದಿದ್ದ ಮುದುಕರೊಬ್ಬರ ಮುರಿದ ತೊಡೆಮೂಳೆ ಪರದೆಯ ಮೇಲೆ ಮೂಡಿತು. ಕವಿತ ಚಪ್ಪಾಳೆ ತಟ್ಟಿದಳು. ಮುದುಕರ ಮಗಳು ಅಲ್ಲೇ ನಿಂತಿದ್ದುದನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

ಶಶಿಧರ್ ಬಂದು ನೋಡಿದರು. “ಆಯ್ತಲ್ಲ, ಒಳ್ಳೇದು. ಆದ್ರೂ ಪಾಸ್‌ವರ್ಡ್ ನನ್ನತ್ರಾನೂ ಇರ್ಲಿ.”

“ನಿಮ್ ಆಪೀಸಿನ ಫೋಲ್ಡರಿಗೆ ಕೊಡ್ತೀನಿ ಸಾರ್. ರೋಗಿಗಳ್ದು ಕೊಡಕಿಲ್ಲ.”

ಅಂದಿನಿಂದ ಅವರು ಅವಳ ನಮಸ್ಕಾರಕ್ಕೆ ತಲೆಯಾಡಿಸುವುದನ್ನೂ ಬಿಟ್ಟಿದ್ದಾರೆ. ಅರುಂಧತಿ ನಮಸ್ಕಾರ ಹೇಳುವುದನ್ನು ಬಿಟ್ಟಿಲ್ಲ. ಮೊದಲಿಗಿಂತ ಗಟ್ಟಿಯಾಗಿಯೇ ಹೇಳುತ್ತಾಳೆ.