ಸುರಂಗದಲ್ಲಿ ಬಂದ ಬೀಡಿ ವಾಸನೆ

ದೆವ್ವ, ಶಕುನ, ಕನಸಿನ ಸೂಚನೆ ಇಂಥವನ್ನು ಯಾರಾದರೂ ಹೇಳಲು ಬಂದರೆ ನಾನು ಮೊದಲು ನಕ್ಕು, ಆಮೇಲೆ ಅವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ಸುರಂಗಗಳಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವುದೇ ನನ್ನ ನೌಕರಿಯಾಗಿತ್ತು. ಅಲ್ಲಿ ಸಾವು ಬರುವುದು ಸಡಿಲಾದ ಕಲ್ಲಿನಿಂದ, ಕೆಟ್ಟ ಗಾಳಿಯಿಂದ, ಹಿಂದಕ್ಕೆ ಬರುವ ಡಂಪರಿನಿಂದ. ಎಲ್ಲಕ್ಕೂ ಕಾರಣವಿರುತ್ತದೆ, ಕಾರಣ ತಿಳಿದರೆ ತಡೆಯಬಹುದು. ಹೀಗೆಂದು ನಾನು ಗಟ್ಟಿಯಾಗಿ ನಂಬಿದ್ದೆ, ಈಗಲೂ ನಂಬುತ್ತೇನೆ. ಒಂದು ಮಧ್ಯಾಹ್ನವನ್ನು ಬಿಟ್ಟು.

ಚಿಕ್ಕೋಡಿಗೂ ರಾಯಬಾಗಕ್ಕೂ ನಡುವೆ ಒಂದು ಗುಡ್ಡ. ನದಿಯ ನೀರನ್ನು ಅದರಾಚೆಯ ಹೊಲಗಳಿಗೆ ಒಯ್ಯಲು ಸುರಂಗ ಕೊರೆಯುತ್ತಿದ್ದರು. ಸುರಂಗದ ಬಾಯಲ್ಲಿ ಒಂದು ಹಲಗೆ. ಒಳಗೆ ಹೋಗುವವನು ತನ್ನ ನಂಬರಿನ ಬಿಲ್ಲೆಯನ್ನು ಅಲ್ಲಿ ತೂಗುಹಾಕಬೇಕು, ಹೊರಬಂದಾಗ ತೆಗೆದುಕೊಳ್ಳಬೇಕು. ಒಳಗೆ ಎಷ್ಟು ಜನ ಇದ್ದಾರೆಂದು ಆ ಹಲಗೆ ನೋಡಿದರೆ ಸಾಕು. ಬಿಲ್ಲೆ ಹಾಕಿದ ಮೇಲೆ ಕಿಸೆಯ ತಪಾಸಣೆ. ಬಂಡೆ ಒಡೆಯುವ ಮದ್ದು ಒಳಗೆ ಹೋಗುವ ಜಾಗವಾದ್ದರಿಂದ ಬೀಡಿ, ಕಡ್ಡಿಪೆಟ್ಟಿಗೆ ಯಾವುದನ್ನೂ ನಾನು ಬಿಡುತ್ತಿರಲಿಲ್ಲ. ಒಳಗೆ ಬೀಡಿ ಸೇದಿದವನನ್ನು ಅವತ್ತೇ ಕೆಲಸದಿಂದ ತೆಗೆಯಬೇಕೆಂಬ ನಿಯಮವೂ ನನ್ನದೇ.

ಇನ್ನು ನನ್ನ ಮೂಗಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮೂರು ಭೋಜ, ತಂಬಾಕಿನ ಸೀಮೆ. ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ಚಿಟಿಕೆ ತಂಬಾಕು ನನ್ನ ಅಂಗೈಗೆ ಹಾಕಿ ಯಾರ ಹೊಲದ್ದೆಂದು ಕೇಳುವಳು. ನಾನು ಮೂಸಿ ಹೇಳುತ್ತಿದ್ದೆ. ಈ ಮೂಗಿಗೆ ಬೇರೆ ಪಗಾರ ಕೊಡಬೇಕೆಂದು ಅವಳು ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹಾಗಾಗಿ ಈ ಒಂದು ವಿಷಯದಲ್ಲಿ ನನಗೆ ಅನುಮಾನ ಅನ್ನುವುದೇ ಇರಲಿಲ್ಲ.

ಅವತ್ತು ಮೂರು ಗಂಟೆ ಸುಮಾರಿಗೆ, ಸುರಂಗದ ಕೊನೆಯ ಬಂಡೆಗೆ ರಂಧ್ರ ಕೊರೆದು ಮುಗಿದಿತ್ತು. ಅಲ್ಲಿ ಹನ್ನೊಂದು ಜನ ಕಾಯುತ್ತಿದ್ದರು. ಮದ್ದಿನ ಪೆಟ್ಟಿಗೆಗಳ ಗಾಡಿಯ ಮುಂದೆ ನಡೆಯುತ್ತ ನಾನು ಅವರ ಹತ್ತಿರ ಬಂದೆ. ಆಗ ಬೀಡಿಯ ವಾಸನೆ ಬಂತು. ಆಗಷ್ಟೇ ಹಚ್ಚಿದ ಬೀಡಿ, ಒಳ್ಳೆಯ ನಿಪ್ಪಾಣಿ ತಂಬಾಕು. ಮೈ ಉರಿದುಹೋಯಿತು. ಗಾಡಿಯನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿ, ಎಲ್ಲರೂ ಹೊರಗೆ ನಡೆಯಿರಿ, ತಪಾಸಣೆ ಆಗಬೇಕು ಎಂದೆ.

ಆ ಹನ್ನೊಂದು ಜನರಲ್ಲಿ ಒಬ್ಬರಾದ ಮೇಸ್ತ್ರಿ ದಸ್ತಗೀರ ಮಾಮಾ ಸದಲಗಾದವರು. ಅರವತ್ತರ ಹತ್ತಿರದ ವಯಸ್ಸು, ಬೀಡಿ ಮುಟ್ಟಿದವರಲ್ಲ. ಅವರು ಗೊಣಗಿದರು: "ನಿಮಗ ನೆಗಡಿ ಆಗಿರಬೇಕ್ರಿ ಸಾಹೇಬ್ರ. ಯಾರಿಗೂ ಬರದ ವಾಸನಿ ನಿಮಗಷ್ಟ ಹೆಂಗ ಬರತೈತಿ?"

"ಮಾಮಾ, ಮೂಗ ನಂದು. ನಡೀರಿ ಹೊರಗ."

ಹೊರಗೆ ಸಾಲಾಗಿ ನಿಲ್ಲಿಸಿ ಕಿಸೆ, ಹೆಲ್ಮೆಟ್ಟು, ಬೂಟು ಎಲ್ಲ ನೋಡಿದೆ. ಸಂಜೆಯೊಳಗೆ ಇವರಲ್ಲಿ ಒಬ್ಬನ ಅನ್ನ ನನ್ನ ಕೈಯಿಂದ ಹೋಗುತ್ತದೆ ಎಂದು ಗೊತ್ತಿದ್ದೇ ಹುಡುಕುತ್ತಿದ್ದೆ. ಪಾಲಬಾವಿಯ ಮಾರುತಿ ಬೂಟು ಬಿಚ್ಚಿ ಕಾಲುಚೀಲ ನನ್ನ ಮುಂದೆ ಹಿಡಿದ. "ಇದನ್ನೂ ಮೂಸಿ ಬಿಡ್ರಿ ಸಾಹೇಬ್ರ. ಇದರ ಮುಂದ ಬೀಡಿ ಏನೂ ಅಲ್ಲ." ಎಲ್ಲರೂ ನಕ್ಕರು. ಬೀಡಿ ಮಾತ್ರ ಸಿಗಲಿಲ್ಲ, ಒಂದು ಕಡ್ಡಿಯೂ ಸಿಗಲಿಲ್ಲ.

ನನ್ನದೇ ತಪ್ಪಾಯಿತು, ಒಳಗೆ ಹೋಗಿ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಲ ಕೆಳಗಿನ ನೆಲ ನಡುಗಿತು. ಸುರಂಗದ ಬಾಯಿಂದ ಗಾಳಿ ನುಗ್ಗಿ, ಅದರ ಹಿಂದೆ ಧೂಳು ಬಂತು. ಆಮೇಲೆ ಹೋಗಿ ನೋಡಿದರೆ, ಅವರು ಕಾಯುತ್ತಿದ್ದ ಜಾಗದ ಮೇಲೆಯೇ ಚಾವಣಿ ಕುಸಿದಿತ್ತು. ಕೊರೆಯುವ ಯಂತ್ರದ ಮೂತಿ ಕಲ್ಲಿನಡಿ ಸಿಕ್ಕಿ ನಜ್ಜುಗುಜ್ಜಾಗಿತ್ತು. ಬೆಳಿಗ್ಗೆ ಅದೇ ಚಾವಣಿಯನ್ನು ನಾನೇ ಹಾರೆಯಿಂದ ಬಡಿದು ನೋಡಿದ್ದೆ. ಗಟ್ಟಿ ಕಲ್ಲಿನ ಸದ್ದೇ ಕೊಟ್ಟಿತ್ತು.

ಓದುವವರಿಗೆ ಬರುವ ಅನುಮಾನಗಳು ನನಗೂ ಬಂದವು. ಒಳಗೆ ಗಾಳಿ ದೂಡುವ ಫ್ಯಾನು ಹೊರಗಿತ್ತು. ಅದರ ಹತ್ತಿರ ಯಾರಾದರೂ ಬೀಡಿ ಸೇದಿದ್ದರೆ? ವಿಚಾರಿಸಿದೆ, ಯಾರೂ ಇರಲಿಲ್ಲ. ಇದ್ದರೂ ಆ ವಾಸನೆ ಎಲ್ಲರಿಗೂ ಬರಬೇಕಿತ್ತು. ಸೇದಿದವನೇ ಹೆದರಿ ಮುಚ್ಚಿಟ್ಟನೇ? ಕಾಮಗಾರಿ ಮುಗಿದು ಎಷ್ಟೋ ವರ್ಷವಾದ ಮೇಲೂ ಆ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದೇನೆ. ಈಗ ಅವರಿಗೆ ಯಾರ ಭಯ? ಒಬ್ಬರೂ ಹೌದು ಎನ್ನಲಿಲ್ಲ.

ಮರುದಿನ ಕಚೇರಿಯವರು ಕರೆಸಿ ಕೇಳಿದರು: ಬೀಡಿ ಸೇದಿದವನ ಹೆಸರು ಕೊಡು. ಸೇದಿದವನೇ ಇಲ್ಲವೆಂದರೆ, ಕಲ್ಲು ಸಡಿಲಾದದ್ದು ನಿನಗೆ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟಿದ್ದೀಯ. ಎರಡರಲ್ಲಿ ಒಂದನ್ನು ಬರೆದುಕೊಡು ಎಂದರು. ಬರೆಯದಿದ್ದರೆ ನನ್ನ ನೌಕರಿ ಉಳಿಯುವುದಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಸಂಜೆ ದಸ್ತಗೀರ ಮಾಮಾ ನನ್ನ ಶೆಡ್ಡಿಗೆ ಬಂದರು. ಬಾಗಿಲು ಎಳೆದುಕೊಂಡು ಎದುರಿಗೆ ಕೂತರು. ಆಮೇಲೆ ಹೇಳಿದರು: "ನನ್ನ ಹೆಸರ ಬರೀರಿ ಸಾಹೇಬ್ರ. ನಾ ಸೇದಿನಿ ಅಂತ ಬರೀರಿ. ನಂದೇನು ಇನ್ನ ನಾಕ ದಿನದ ಕೆಲಸ."

"ನಿಮಗ ವಾಸನಿ ಬಂದಿತ್ತೇನು ಮಾಮಾ?"

"ಇಲ್ರಿ. ಖರೇ ಹೇಳತೀನಿ, ಏನೂ ಬರಲಿಲ್ಲ. ಆದ್ರ ನಿಮ್ಮ ಮಾತ ಕೇಳಿ ಹನ್ನೊಂದ ಮಂದಿ ಮನಿಗಿ ಹೋಗ್ಯಾರ. ಆ ಮಾತ ಸುಳ್ಳ ಆಗಬಾರದ್ರಿ."

ಅವರ ಕೈ ಹಿಡಿದುಕೊಂಡೆ. ಅವರನ್ನು ಊಟ ಮಾಡಿಸಿ ಕಳಿಸಿದ ಮೇಲೆ ವರದಿ ಬರೆಯಲು ಕೂತೆ. ಬೀಡಿಯ ವಾಸನೆ ಬಂತು, ಬೀಡಿ ಸಿಗಲಿಲ್ಲ, ಹನ್ನೊಂದು ಜನರೂ ಹೊರಗೆ ಬಂದರು ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಹೆಸರು ಯಾರದ್ದೂ ಹಾಕಲಿಲ್ಲ. ಕಚೇರಿಯವರು ಅದನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಮೂರನೆಯ ಸಲ, ಏನನಿಸಿತೋ, ಇಟ್ಟುಕೊಂಡರು. ನೌಕರಿ ಉಳಿಯಿತು, ಮಾಮಾ ಅವರದ್ದೂ ಉಳಿಯಿತು.

ಆ ಕಾಗದದಲ್ಲಿ 'ಕಾರಣ' ಎಂದು ಒಂದು ಕಾಲಂ ಇತ್ತು. ಖಾಲಿ ಬಿಟ್ಟೇ ಸಹಿ ಮಾಡಿದ್ದೆ. ಇವತ್ತು ತಂದು ಮುಂದಿಟ್ಟರೂ ಅಲ್ಲಿ ಏನು ತುಂಬಬೇಕೆಂದು ನನಗೆ ಗೊತ್ತಿಲ್ಲ.