ಬೀಗ ಹಾಕಿದ ಹುಳದ ಮನೆ

ಆ ಬೆಳಗ್ಗೆ ಅಕ್ಕ ಹುಳದ ಮನೆಗೆ ಬೀಗ ಹಾಕಿದ್ದನ್ನು ನಾನು ನಿಜಕ್ಕೂ ನೋಡಿದೆನೇ, ಇಲ್ಲವೇ ಅವರು ತೀರಿಕೊಂಡ ಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೇ, ಹೇಳಲಾರೆ.

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ರೇಷ್ಮೆ ಹುಳ ಸಾಕುತ್ತಿದ್ದರು. ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಮದುವೆಗೆ ಕರೆದರೂ, ಹಲ್ಲು ನೋಯುತ್ತಿದ್ದರೂ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೇ ಮಾತು: "ಹುಳ ಹಣ್ಣಾಗ್ಲಿ, ಆಮೇಲೆ ನೋಡಾಣ." ಹಣ್ಣಾಗುವುದೆಂದರೆ ಹುಳ ಗೂಡು ಕಟ್ಟಲು ಸಿದ್ಧವಾಗುವುದು.

ಅವರ ಎದೆಯ ಗಂಟು ಕ್ಯಾನ್ಸರ್ ಎಂದು ಕೋಲಾರದಲ್ಲಿ ಹೇಳಿದಾಗ ಹುಳಗಳು ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವಿನಲ್ಲಿದ್ದವು. ಆ ಹೊತ್ತಿನಲ್ಲಿ ಸಾಕುವವರು ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಅಕ್ಕ ಮರುದಿನವೇ ಮಗಳ ಕೈ ಹಿಡಿದು ಬಸ್ಸಿಗೆ ಹೊರಟರು.

"ನಂಗೇನೂ ಆಗಿಲ್ವಲ್ಲಮ್ಮ. ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ?" ಎಂದಳು ಮಗಳು.

"ನಮ್ಮಮ್ಮನೂ ಹಿಂಗೇ ಅಂದ್ಳು, ನಮ್ಮಕ್ಕನೂ ಹಿಂಗೇ ಅಂದ್ಳು. ಇಬ್ರನ್ನೂ ಇದೇ ಕಾಯಿಲೆ ತಗೊಂಡೋಯ್ತು. ನಿನ್ನೂ ಇವತ್ತೇ ತೋರಿಸ್ಬೇಕು, ನಡಿಯೇ."

ನಾನು ತಮಾಷೆ ಮಾಡಿದೆ: "ಹುಳ ಹಣ್ಣಾಗ್ಬೇಡ್ವಾ ಅಕ್ಕ?"

"ಸಾಯ್ಲಿ ಬಿಡಪ್ಪ," ಎಂದು ಸೆರಗಿಗೆ ಕೈ ಒರೆಸಿಕೊಂಡರು.

ಈಗಲೂ ಊರಿಗೆ ಹೋದಾಗ ಆ ಹುಳದ ಮನೆಯ ಬಾಗಿಲ ಮುಂದೆ ನಿಲ್ಲುತ್ತೇನೆ. ಅಂದಿನ ಹಾಗೆ ಹುಳಗಳು ಸೊಪ್ಪು ಮೇಯುವ ಸರಸರ ಸದ್ದಿನ ನಡುವೆ "ಆಮೇಲೆ ನೋಡಾಣ" ಎಂಬ ಮಾತು ಒಮ್ಮೆ ಕೇಳಿಸಬಾರದೇ ಎನಿಸುತ್ತದೆ.

ಮಗಳು ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾಳೆ, ಚೆನ್ನಾಗಿದ್ದಾಳೆ. ಹೋದ ತಿಂಗಳು ಆ ಬೀಗದ ವಿಷಯ ಅವಳನ್ನೇ ಕೇಳಿದೆ.

"ನಿಜ ಅಣ್ಣ, ಬೀಗ ಹಾಕಿದ್ಳು," ಎಂದಳು. "ಅಮ್ಮನ್ನ ಆಸ್ಪತ್ರೇಲೇ ಉಳಿಸ್ಕೊಂಡ್ರು. ಆ ಸಲ ಒಂದು ಗೂಡೂ ಆಗ್ಲಿಲ್ಲ."