ಎಂಟು ತಟ್ಟೆಯ ಮೇಜು

ಜಾರ್ಜಿಯಾ ರಾಜ್ಯದ ಬೆಥನಿ ಎಂಬ ಸಣ್ಣ ಊರಿನ ಹೂದೋಟ ಸಂಘದ ನಿಯಮಗಳೆಲ್ಲ ವೆಲ್ಡಾ ಸ್ಟಬ್ಸ್‌ಗೆ ಬಾಯಿಪಾಠ. ಹದಿನಾಲ್ಕು ವರ್ಷ ಅವಳು ಸಂಘದ ಹೂಪ್ರದರ್ಶನದಲ್ಲಿ ತೀರ್ಪುಗಾರರ ಹಿಂದೆ ಚೀಟಿ ಬರೆಯುವ ಕೆಲಸ ಮಾಡಿದ್ದಳು. ಪ್ರತಿ ಏಪ್ರಿಲ್‌ನಲ್ಲಿ ಬೇರೆ ಊರಿನ ಮೂವರು ಹೆಂಗಸರು ಬಂದು ಮೇಜಿನಿಂದ ಮೇಜಿಗೆ ಹೋಗುತ್ತಾ ಹೇಳಿದ್ದನ್ನು ಇವಳು ಬರೆದುಕೊಳ್ಳಬೇಕು, ತಾನು ಮಾತ್ರ ತುಟಿ ಪಿಟಕ್ಕೆನ್ನಬಾರದು. ಸೀನಿದರೂ ಅದನ್ನು ಅಭಿಪ್ರಾಯ ಎಂದುಕೊಂಡಾರು ಎಂಬ ಭಯಕ್ಕೆ ಹಾಲ್‌ನಿಂದ ಹೊರಗೆ ಹೋಗಿ ಸೀನಿ ಬರುತ್ತಿದ್ದಳು. 'ಪ್ಲಾಸ್ಟಿಕ್ ಎಲೆ ಇದೆ', 'ತಿನ್ನುವ ಪದಾರ್ಥ ಇದೆ, ಪರಿಗಣಿಸಿಲ್ಲ' ಎಂದೆಲ್ಲ ದುಂಡಗೆ ಬರೆದು ಊರಿನ ಎಷ್ಟು ಹೆಂಗಸರ ಕಣ್ಣಲ್ಲಿ ನೀರು ತರಿಸಿದ್ದಳೋ ದೇವರೇ ಬಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಪ್ರದರ್ಶನದ ಊಟದ ಮೇಜು ನೋಡುವುದಕ್ಕೆ ಇರುವುದು, ಉಣ್ಣುವುದಕ್ಕಲ್ಲ. ಮೇಜುಬಟ್ಟೆ, ತಟ್ಟೆ, ಲೋಟ, ಹೂವು ಇದ್ದರೆ ಸಾಕು. ಅದರ ಮೇಲೆ ಒಂದು ಬ್ರೆಡ್ಡಿನ ಚೂರು ಕಂಡರೂ ಆಟ ಮುಗಿದ ಹಾಗೆಯೇ.

ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು ವೆಲ್ಡಾ. ನಿವೃತ್ತಿಯಾದ ಮೇಲೆ ಮನೆ ಹಿಂದಿನ ತೋಟವೇ ಅವಳ ಕಚೇರಿ. ಅವಳ ಅಜೇಲಿಯಾ ಹೂಗಳಿಗೆ ಸರಿಸಾಟಿ ಇಡೀ ಜಿಲ್ಲೆಯಲ್ಲಿರಲಿಲ್ಲ. ಆದರೆ ಚೀಟಿ ಬರೆಯುವವರು ಸ್ಪರ್ಧಿಸುವಂತಿರಲಿಲ್ಲವಾದ್ದರಿಂದ, ಅವಳು ಒಮ್ಮೆಯೂ ಒಂದು ಮೇಜು ಸಿಂಗರಿಸಿರಲಿಲ್ಲ. ಸಂಘದ ಅಧ್ಯಕ್ಷೆ ಮಿಸೆಸ್ ಲಾಕ್‌ರಿಜ್, ಮೇಜು ಸಿಂಗಾರದ ಮೊದಲ ಬಹುಮಾನವಾದ ನೀಲಿ ರಿಬ್ಬನ್ ಆರು ವರ್ಷ ಸತತವಾಗಿ ಗೆದ್ದವರು, ಒಮ್ಮೆ ಚಹಾ ಕುಡಿಯುತ್ತಾ ಹೇಳಿಬಿಟ್ಟಿದ್ದರು: "ಹೂ ಬೆಳೆಯೋಕೆ ಮಳೆ ಬಂದ್ರೆ ಸಾಕು. ಮೇಜು ಮಾಡೋಕೆ ತಲೆ ಬೇಕು." ಅವರು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಆದರೂ ಆ ಮಾತು ವೆಲ್ಡಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅರವತ್ತೊಂದನೆಯ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಎಪ್ಪತ್ತೆಂಟರ ಜನವರಿಯಲ್ಲಿ, ಅವಳು ಪೆನ್ಸಿಲನ್ನು ಸಂಘದ ಮೇಜಿನ ಮೇಲಿಟ್ಟು, "ಈ ವರ್ಷ ಚೀಟಿ ಬೇರೆ ಯಾರಾದ್ರೂ ಬರೀಲಿ. ನಾನು ಮೇಜು ಮಾಡ್ತೀನಿ" ಎಂದಳು. ಆ ನೀಲಿ ರಿಬ್ಬನ್ ಅವಳಿಗೆ ಬೇಕಿತ್ತು. ಅದನ್ನು ಮುಚ್ಚಿಡುವ ನಾಚಿಕೆಯೇನೂ ಅವಳಿಗಿರಲಿಲ್ಲ.

ಮಾರ್ಚ್‌ನಲ್ಲಿ ವಿಷಯ ಪ್ರಕಟವಾಯಿತು: 'ಅಮ್ಮನ ಮನೆಯ ಭಾನುವಾರ', ಎಂಟು ಜನರ ಮೇಜು. ಓದಿದ ಕೂಡಲೇ ವೆಲ್ಡಾಳ ಕಣ್ಣ ಮುಂದೆ ಬಂದದ್ದು ಅಮ್ಮನ ಪಿಂಗಾಣಿ ತಟ್ಟೆಗಳು. ಬಿಳಿ ತಟ್ಟೆ, ನೀಲಿ ಅಂಚು, ನಡುವೆ ಒಂದೇ ಒಂದು ಗುಲಾಬಿ ಬಣ್ಣದ ಹೂಗೊಂಚಲು. ಆ ಗೊಂಚಲಿನ ಬಣ್ಣವೇ ಅವಳ ತೋಟದ ಹಳೆಯ ಅಜೇಲಿಯಾ ಗಿಡದ ಬಣ್ಣ. ಇಷ್ಟು ಚೆನ್ನಾಗಿ ಯಾರಿಗೆ ಕೂಡಿಬರುತ್ತದೆ? ತೊಡಕು ಒಂದೇ. ತಟ್ಟೆ ಒಟ್ಟು ಹನ್ನೆರಡು. ಆರು ಇವಳ ಮನೆಯಲ್ಲಿ, ಆರು ಎರಡು ಬೀದಿಯಾಚೆ ಅಕ್ಕ ರೀಥಾಳ ಮನೆಯಲ್ಲಿ. ಅಕ್ಕತಂಗಿಯರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಜಗಳ ಆದದ್ದು ಅಮ್ಮ ತೀರಿದ ಮೇಲೆ, ಪಾತ್ರೆಪಗಡ ಹಂಚಿಕೊಳ್ಳುವಾಗ. ತಟ್ಟೆಗಳೇನೋ ಸಮ ಪಾಲಾದವು, ಉಪ್ಪಿನಕಾಯಿಯ ದೊಡ್ಡ ಬಟ್ಟಲು ಮಾತ್ರ ಒಂದೇ. ಅಮ್ಮನ ಕೊನೆಯ ಎರಡು ವರ್ಷ ಮಗ್ಗುಲು ಬದಲಿಸಿ, ಸೊಂಟ ಹಿಡಿದು ಕೂರಿಸಿ ನೋಡಿಕೊಂಡವಳು ರೀಥಾ. ಅದು ತನಗಿರಲಿ ಎಂದಳು. ವೆಲ್ಡಾಳ ಬಾಯಿಂದ ಒಂದು ಮಾತು ಜಾರಿತು: "ಅಮ್ಮನ ಮಂಚದ ಪಕ್ಕ ಕೂತಿದ್ದು ಯಾತಕ್ಕೆ ಅಂತ ಈಗ ಗೊತ್ತಾಯ್ತು ಬಿಡು." ರೀಥಾ ಬಟ್ಟಲನ್ನು ತಂಗಿಯ ಕೈಗೆ ಕೊಟ್ಟು ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಚರ್ಚಿನಲ್ಲಿ ಒಬ್ಬಳು ಎಡಗಡೆಯ ಬೆಂಚು, ಇನ್ನೊಬ್ಬಳು ಬಲಗಡೆಯ ಬೆಂಚು. ತಪ್ಪು ತನ್ನದೇ ಎಂದು ವೆಲ್ಡಾಳಿಗೆ ಮೊದಲ ವಾರವೇ ಗೊತ್ತಿತ್ತು. ಗೊತ್ತಿದ್ದೇ ಮೂರು ವರ್ಷ ಸುಮ್ಮನಿದ್ದಳು. ಹಟ ಅವರ ಮನೆತನದ ಆಸ್ತಿ, ಅದು ಮಾತ್ರ ಇಬ್ಬರಿಗೂ ಪೂರ್ತಿ ಪಾಲಾಗಿತ್ತು.

ಗಂಡ ಹಾಲಿಸ್ ಊರಿನ ಕ್ಷೌರಿಕ, ನಾಲಿಗೆಯೂ ಕತ್ತರಿಯಷ್ಟೇ ಚುರುಕು. "ಆರು ಜನಕ್ಕೆ ಅಮ್ಮನ ತಟ್ಟೆ ಇಡು, ಮಿಕ್ಕ ಇಬ್ಬರಿಗೆ ಕಾಗದದ ತಟ್ಟೆ. ಅವರು ನಮ್ಮಣ್ಣ ಅತ್ತಿಗೆ ಅಂದ್ಕೊಂಡ್ರಾಯ್ತು."

"ತಮಾಷೆ ಸಾಕು. ಯಾರ ಹತ್ರ ಕೇಳ್ಲಿ?"

"ಯಾರ ಹತ್ರ ಅಂತ ನಿಂಗೆ ಗೊತ್ತು. ಫೋನ್ ಅಲ್ಲೇ ಇದೆ, ಕಚ್ಚಲ್ಲ."

ಎರಡು ದಿನ ಫೋನಿನ ಸುತ್ತ ಸುಳಿದಾಡಿ ಮೂರನೆಯ ದಿನ ವೆಲ್ಡಾ ನಂಬರ್ ತಿರುಗಿಸಿದಳು.

"ಅಕ್ಕಾ, ನಾನು."

"ಗೊತ್ತಾಯ್ತು. ಯಾರು ಸತ್ರು?"

"ಯಾರೂ ಸತ್ತಿಲ್ಲ. ಎರಡು ತಟ್ಟೆ ಬೇಕಿತ್ತು, ಅಮ್ಮಂದು. ಹೂಪ್ರದರ್ಶನಕ್ಕೆ. ಶನಿವಾರ ಸಂಜೆಗೇ ವಾಪಸ್ ತಂದುಕೊಡ್ತೀನಿ."

"ನನ್ನ ತಟ್ಟೆ ನನ್ನ ಬಿಟ್ಟು ಎಲ್ಲಿಗೂ ಹೋಗಲ್ಲ," ಎಂದಳು ರೀಥಾ. ವೆಲ್ಡಾ ಫೋನ್ ಇಡಬೇಕು ಅನ್ನುವಷ್ಟರಲ್ಲಿ, "ನಾನೇ ಹೊತ್ಕೊಂಡು ಬರ್ತೀನಿ. ಎಷ್ಟು ಗಂಟೆಗೆ?"

ಪ್ರದರ್ಶನದ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ, ಬಿಸಿಲೇರುವ ಮೊದಲೇ ವೆಲ್ಡಾ ಹೂ ಕತ್ತರಿಸಿದಳು. ಅಜೇಲಿಯಾ ಕೊಂಬೆಗಳ ಬುಡ ಸೀಳಿದಳು, ಗಟ್ಟಿ ಕಡ್ಡಿ ಸೀಳದಿದ್ದರೆ ನೀರು ಕುಡಿಯುವುದಿಲ್ಲ. ಜರಿಗಿಡದ ಎಲೆಗಳನ್ನೂ ಬಿಳಿ ಹೂಗಳನ್ನೂ ಸೇರಿಸಿ ಎಲ್ಲವನ್ನೂ ಕುತ್ತಿಗೆಯವರೆಗೆ ಬಚ್ಚಲ ತೊಟ್ಟಿಯ ತಣ್ಣೀರಿನಲ್ಲಿ ನಿಲ್ಲಿಸಿದಳು. ಒಂದು ದಿನ ಹೀಗೆ ಹೊಟ್ಟೆ ತುಂಬ ನೀರು ಕುಡಿದ ಹೂವು ಮರುದಿನ ಸಂಜೆಯವರೆಗೆ ತಲೆ ಬಗ್ಗಿಸುವುದಿಲ್ಲ. ಹಾಲಿಸ್ ಸೋಪು ಹಿಡಿದು ಬಾಗಿಲಲ್ಲಿ ನಿಂತು, "ನನ್ನ ಸರದಿ ಯಾವಾಗಮ್ಮ?" ಎಂದು ಕೇಳಿ, ಕೊನೆಗೆ ಅಂಗಳದ ಪೈಪಿನಲ್ಲಿ ಮೈ ತೊಳೆದುಕೊಂಡ.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಒಂದು ತಾಲೀಮು ನಡೆಯಿತು. ತಗ್ಗಾದ ಬಟ್ಟಲಿನಲ್ಲಿ ಮುಳ್ಳುಗಳಿರುವ ಸೀಸದ ಬಿಲ್ಲೆ ಇಟ್ಟು, ಅದಕ್ಕೆ ಒಂದೊಂದೇ ಕೊಂಬೆ ಚುಚ್ಚಿದಳು. ಎತ್ತರ ಅಳೆಯಲು ಸಂಘದವರಿಗೆ ಅಳತೆಪಟ್ಟಿ ಬೇಡ: ಮೇಜಿನ ಮೇಲೆ ಮೊಣಕೈ ಊರಿ ಮುಷ್ಟಿ ಎತ್ತಬೇಕು, ಹೂವು ಮುಷ್ಟಿ ದಾಟಬಾರದು. ಎದುರಿಗೆ ಕೂತವರ ಮುಖ ಮರೆಯಾದರೆ ಅದೆಂಥ ಊಟದ ಮೇಜು? ಹಾಲಿಸ್‌ನನ್ನು ಎದುರಿಗೆ ಕೂರಿಸಿ ಕೇಳಿದಳು, "ನನ್ನ ಮುಖ ಕಾಣ್ತಿದೆಯಾ?"

"ಪೂರ್ತಿ ಕಾಣ್ತಿದೆ. ಹೂವು ಇನ್ನೊಂಚೂರು ಎತ್ತರ ಇದ್ರೂ ನಂದೇನೂ ತಕರಾರಿಲ್ಲ."

ಶನಿವಾರ ಎಂಟು ಗಂಟೆಗೆ ಚರ್ಚಿನ ಹಾಲ್‌ನಲ್ಲಿ ಐದು ಮೇಜುಗಳ ಸುತ್ತ ಐವರು ಹೆಂಗಸರು ಬಗ್ಗಿ ಏಳುತ್ತಿದ್ದರು. ಹತ್ತಕ್ಕೆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಹೊರಗೆ ಹೋಗಬೇಕು, ತೀರ್ಪುಗಾರರು ಒಳಗೆ ಬರಬೇಕು. ವೆಲ್ಡಾಳ ಹೂವು ಮನೆಯಲ್ಲಿ ಕೂತದ್ದಕ್ಕಿಂತ ಚೆನ್ನಾಗಿ ಕೂತಿತ್ತು. ಆರು ತಟ್ಟೆ ಇಟ್ಟಾಗಿತ್ತು, ಎರಡು ಜಾಗ ಬೋಳಾಗಿದ್ದವು. ಒಂಬತ್ತು ದಾಟಿತು. ಒಂಬತ್ತೂ ಕಾಲೂ ಆಯಿತು. ಕೊನೆಗೆ ರೀಥಾ ಭಾನುವಾರದ ಟೋಪಿ ಹಾಕಿಕೊಂಡು, ಎರಡು ಕೈಯಲ್ಲೂ ಒಂದು ಬುಟ್ಟಿ ಹಿಡಿದು, ಮಲಗಿದ ಮಗುವನ್ನು ತರುವವಳ ಹಾಗೆ ಮೆಲ್ಲಗೆ ಬಂದಳು. ಟವೆಲ್ ಬಿಚ್ಚಿ ಎರಡು ತಟ್ಟೆಗಳನ್ನು ತಾನೇ ಇಟ್ಟಳು. ಮೇಜುಬಟ್ಟೆಯ ಒಂದು ಸುಕ್ಕನ್ನು ಅಂಗೈಯಿಂದ ತೀಡಿದಳು.

"ಬಟ್ಟೆ ಇಸ್ತ್ರಿ ಮಾಡೋಕೆ ನಿಂಗೆ ಇನ್ನೂ ಬಂದಿಲ್ಲ."

"ನೀನು ಕಲಿಸಿದ್ದೇ ಅಷ್ಟು."

ರೀಥಾಳ ತುಟಿಯ ತುದಿ ಕೊಂಚ ಅಲುಗಿತು. ಅವಳ ಕಣ್ಣು ಉಪ್ಪಿನಕಾಯಿ ಬಟ್ಟಲಿನ ಮೇಲೆ ಬಿತ್ತು. ಹೂವಿನ ಬಲಕ್ಕೆ ವೆಲ್ಡಾ ಅದನ್ನು ತೊಳೆದು ಹೊಳಪಾಗಿಸಿ ಇಟ್ಟಿದ್ದಳು. "ಖಾಲಿ ಇಟ್ಟಿದ್ದೀಯಲ್ಲೇ," ಎಂದಳು ರೀಥಾ. ವೆಲ್ಡಾ ವಿವರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಹೂಗಳ ಹೆಸರಿನ ಚೀಟಿ ತುಂಬಿಸಲು ಬಾಗಿಲ ಬಳಿಯಿಂದ ಕರೆ ಬಂತು.

ಚೀಟಿ ತುಂಬಿಸಿ ಬರುವ ಹೊತ್ತಿಗೆ ಬಟ್ಟಲು ತುಂಬಿತ್ತು. ಸಕ್ಕರೆ ಪಾಕ ಮತ್ತು ವಿನೆಗರಿನಲ್ಲಿ ನೆನೆದ ಪೀಚ್ ಹಣ್ಣಿನ ಹೋಳುಗಳು, ಪ್ರತಿ ಹೋಳಿಗೂ ಚುಚ್ಚಿದ ಮೂರು ಲವಂಗ. ಅಮ್ಮನ ಕೈಹದದ ಸಿಹಿ ಉಪ್ಪಿನಕಾಯಿಯೇ. ಬುಟ್ಟಿಯ ತಳದಲ್ಲಿ ಖಾಲಿ ಜಾಡಿ ಕಾಣುತ್ತಿತ್ತು, ಅಂದರೆ ರೀಥಾ ಮನೆಯಿಂದಲೇ ಯೋಚಿಸಿ ತಂದಿದ್ದಳು. ಅಮ್ಮ ಭಾನುವಾರದ ಮೇಜಿಗೆ ಈ ಬಟ್ಟಲನ್ನು ಖಾಲಿ ಇಟ್ಟದ್ದೇ ಇಲ್ಲ. ಖಾಲಿ ಬಟ್ಟಲು ಇಡುವುದೂ ಒಂದೇ, ಬಂದವರಿಗೆ ಬೇಗ ಎದ್ದು ಹೋಗಿ ಅನ್ನುವುದೂ ಒಂದೇ ಅನ್ನುತ್ತಿದ್ದಳು.

ಮಿಸೆಸ್ ಲಾಕ್‌ರಿಜ್ ಕೈಗಂಟೆ ಹಿಡಿದು ಬಂದವರು ಮೇಜು ನೋಡಿ ಗಕ್ಕನೆ ನಿಂತರು. ಹೆಂಗಸು ಜಂಬದವರೇ ಇರಬಹುದು, ಮೋಸದವರಲ್ಲ. ವೆಲ್ಡಾಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು, "ವೆಲ್ಡಾ, ಆ ಬಟ್ಟಲು!"

"ನೋಡ್ದೆ."

"ನೋಡಿದ್ರೆ ತೆಗೀರಿ ಮತ್ತೆ! ಇನ್ನೂ ಎರಡು ನಿಮಿಷ ಇದೆ. ನಿಮಗೆ ನಾನು ನಿಯಮ ಹೇಳ್ಕೊಡ್ಬೇಕಾ?"

ವೆಲ್ಡಾ ಅಕ್ಕನತ್ತ ನೋಡಿದಳು. ರೀಥಾ ಬಟ್ಟಲಿನ ಅಂಚಿಗೆ ಸಿಡಿದ ಪಾಕದ ಹನಿಯನ್ನು ತನ್ನ ಕರ್ಚೀಫಿನಿಂದ ಒರೆಸುತ್ತಿದ್ದಳು, ಒರೆಸಿ ಒಂದು ಹೆಜ್ಜೆ ಹಿಂದೆ ಸರಿದು ಮೇಜನ್ನೇ ನೋಡುತ್ತಿದ್ದಳು. ಮೂರು ವರ್ಷದಲ್ಲಿ ಆ ಮುಖದ ಮೇಲೆ ಅಂಥ ಸಮಾಧಾನವನ್ನು ವೆಲ್ಡಾ ಕಂಡಿರಲಿಲ್ಲ. ಬಟ್ಟಲೆತ್ತಲು ಮುಂದೆ ಹೋಗಿದ್ದ ಕೈಯಿಂದ ಒಂದು ತಟ್ಟೆಯನ್ನು ಸುಮ್ಮನೆ ಅರ್ಧ ಬೆರಳು ಸರಿಸಿ, "ಇರ್ಲಿ ಬಿಡಿ," ಎಂದಳು. ಗಂಟೆ ಮೊಳಗಿತು.

ಒಂದು ಗಂಟೆಗೆ ಬಾಗಿಲು ತೆರೆದಾಗ ನೀಲಿ ರಿಬ್ಬನ್ ಮಿಸೆಸ್ ಲಾಕ್‌ರಿಜ್‌ರ ಮೇಜಿನ ಮೇಲಿತ್ತು. ವೆಲ್ಡಾಳ ಮೇಜಿನ ಮೇಲೆ ಒಂದು ಚೀಟಿ ಮಾತ್ರ. ರೀಥಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. "ಇಂದಿನ ಎಲ್ಲಕ್ಕಿಂತ ಚೆಂದದ ಹೂಜೋಡಣೆ. ತಿನ್ನುವ ಪದಾರ್ಥ ಇದೆ, ಪರಿಗಣಿಸಿಲ್ಲ." ಓದಿ ಮುಗಿಸಿದವಳ ಮುಖ ಸುಣ್ಣವಾಯಿತು.

"ಇದು ನನ್ನ ಪೀಚು. ನನ್ನಿಂದ ಹಾಳಾಯ್ತು. ಅಲ್ವೇನೇ?"

"ಹಾಳೇನೂ ಆಗಿಲ್ಲ."

"ಸುಳ್ಳು ಹೇಳ್ಬೇಡ. ಹದಿನಾಲ್ಕು ವರ್ಷ ಈ ಚೀಟಿ ಬರೆದವಳು ನೀನು. ಗಂಟೆ ಹೊಡೆಯೋಕೆ ಮುಂಚೆ ಒಂದು ಮಾತು ಹೇಳಿದ್ರೆ ತೆಗೀತಿದ್ನಲ್ಲ!"

"ಮೂರು ವರ್ಷ ಆದ್ಮೇಲೆ ಬಂದಿದ್ದೀಯ," ಎಂದಳು ವೆಲ್ಡಾ. "ಬಂದವಳು ತಂದಿದ್ದನ್ನ ವಾಪಸ್ ತಗೊಂಡ್ಹೋಗು ಅನ್ಲಾ? ಅವತ್ತು ನಾನು ಅಂದ ಮಾತು ತಪ್ಪು ಅಕ್ಕ. ಅವತ್ತೇ ಗೊತ್ತಿತ್ತು ನಂಗೆ. ಅಮ್ಮನ್ನ ನೋಡ್ಕೊಂಡವಳು ನೀನು. ನಾನು ಬರೀ ಹೂ ತಂದಿಟ್ಟು ಹೋಗ್ತಿದ್ದೆ."

ರೀಥಾ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. "ನೀನು ತರ್ತಿದ್ದ ಹೂವನ್ನ ಅಮ್ಮ ದಿನಾ ಕೇಳ್ತಿದ್ಲು," ಎಂದಳು. "ಅದನ್ನ ನಾನೂ ನಿಂಗೆ ಹೇಳಿರ್ಲಿಲ್ಲ."

ನೀಲಿ ರಿಬ್ಬನ್ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು, ನಿಜ. ಆ ರಾತ್ರಿ ಮನೆಯಲ್ಲಿ ವೆಲ್ಡಾ ಅದಕ್ಕಾಗಿ ಸ್ವಲ್ಪ ಅತ್ತಳು ಕೂಡ. ಆದರೆ ಐದು ಗಂಟೆಗೆ ಜನ ಖಾಲಿಯಾದ ಮೇಲೆ ಹಾಲ್‌ನಲ್ಲಿ ನಡೆದದ್ದನ್ನು ಊರು ಇಂದಿಗೂ ಹೇಳುತ್ತದೆ. ರೀಥಾ ಚರ್ಚಿನ ಅಡುಗೆಮನೆಯಿಂದ ಒಂದು ಹಿಡಿ ಫೋರ್ಕ್ ತಂದಳು. ಹಾಲಿಸ್ ಮಡಚುವ ಕುರ್ಚಿಗಳನ್ನು ಎಳೆದ. ಮಿಸೆಸ್ ಲಾಕ್‌ರಿಜ್ ಎದೆಗೆ ರಿಬ್ಬನ್ ಸಿಕ್ಕಿಸಿಕೊಂಡೇ ಬಂದು, "ನಿಯಮದ ಪ್ರಕಾರ ಪ್ರದರ್ಶನ ಮುಗಿದಿದೆ," ಎಂದು ಘೋಷಿಸಿ, ಎಲ್ಲರಿಗಿಂತ ಮೊದಲು ದೊಡ್ಡ ಹೋಳಿಗೆ ಕೈ ಹಾಕಿದರು. ಹೂವಿನ ಮೇಲಿಂದ ಒಬ್ಬರಿಗೊಬ್ಬರ ಮುಖ ಸರಿಯಾಗಿ ಕಾಣುತ್ತಿತ್ತು.

ಬಟ್ಟಲು ಬರಿದಾದ ಮೇಲೆ ಅಕ್ಕತಂಗಿಯರು ಎಂಟು ತಟ್ಟೆ ತೊಳೆದು ಒರೆಸಿದರು. ವೆಲ್ಡಾ ಎರಡನ್ನು ಬೇರೆ ಎತ್ತಿ ಟವೆಲಿನಲ್ಲಿ ಸುತ್ತಿ, ಜೊತೆಗೆ ಬಟ್ಟಲನ್ನೂ ಅಕ್ಕನ ಬುಟ್ಟಿಯಲ್ಲಿಟ್ಟಳು. ರೀಥಾ ಬಟ್ಟಲನ್ನು ಇರಿಸಿಕೊಂಡಳು, ತಟ್ಟೆಗಳನ್ನು ಹೊರಗೆ ತೆಗೆದು ತಂಗಿಯ ಆರರ ಮೇಲೆ ಪೇರಿಸಿದಳು.

"ಇವು ನಿಮ್ಮನೇಲೇ ಇರ್ಲಿ. ನಾಳೆ ಭಾನುವಾರ ಅಲ್ವಾ? ಬಟ್ಟಲು ತುಂಬಿಸ್ಕೊಂಡು ಬರ್ತೀನಿ. ಮಿಕ್ಕ ನಾಲ್ಕು ತಟ್ಟೇನೂ ತರ್ತೀನಿ."